ಬಾಡಿಗೆಯ ಮನೆಯವರು



ಬಾಡಿಗೆಯ ಮನೆಯಲ್ಲಿ ಸಂಸಾರ ಹೂಡಿದವರಿಗೆ ವರ್ಷವೆಂದರೆ ಹನ್ನೊಂದೇ ತಿಂಗಳು. ನಾವೂ ಆ ಪಂಗಡಕ್ಕೆ ಸೇರಿದವರು. ಅವಧಿ ತುಂಬುತ್ತಲೇ ಮನೆಯ ಯಜಮಾನರು ದಯಮಾಡಿಸುತ್ತಾರೆ, ಯೋಗಕ್ಷೇಮ ವಿಚಾರಿಸುತ್ತಾರೆ, ಕಾಫಿಯ ಲೋಟವನ್ನು ಕೆಳಗಿಡುತ್ತ, "ಮುಂದಿನ ತಿಂಗಳಿಂದ ಸ್ವಲ್ಪ ಹೆಚ್ಚಿಗೆ ಕೊಡಬೇಕಾಗುತ್ತದೆ, ಸ್ವಾಮಿ" ಎನ್ನುತ್ತಾರೆ. ಮಕ್ಕಳ ಶಾಲೆ ಹತ್ತಿರದಲ್ಲಿದೆ. ವೃದ್ಧಮಾತೆಯನ್ನು ನೋಡುವ ವೈದ್ಯರು ಪಕ್ಕದ ಬೀದಿಯಲ್ಲಿದ್ದಾರೆ. ಅದನ್ನು ಯಜಮಾನರೂ ಬಲ್ಲರು. ನಾವು ಸುಮ್ಮನೆ ತಲೆದೂಗುತ್ತೇವೆ. ವರ್ಷವರ್ಷವೂ ಹೀಗೆ ತಲೆದೂಗಿದವನ ಸಂಬಳ ಮನೆಗೇ ಮುಡಿಪಾಗುತ್ತದೆ.

ಹನ್ನೊಂದು ತಿಂಗಳ ಲೆಕ್ಕಕ್ಕೆ ಕಾರಣವುಂಟು. 1908ರ ನೋಂದಣಿ ಕಾಯಿದೆಯಂತೆ ಒಂದು ವರ್ಷವನ್ನು ಮೀರಿದ ಕರಾರನ್ನು ರಿಜಿಸ್ಟರು ಮಾಡಿಸಲೇಬೇಕು. ಆ ಖರ್ಚನ್ನು ತಪ್ಪಿಸಲು ಈ ಉಪಾಯ. ಇನ್ನು 1999ರ ಕರ್ನಾಟಕ ಬಾಡಿಗೆ ಕಾಯಿದೆ ರಕ್ಷಿಸೀತೆಂದರೆ, ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗೆ ಅದು ಅನ್ವಯಿಸದು. ಬೆಂಗಳೂರಿನಲ್ಲಿ ಆ ಬೆಲೆಗೆ ಸಂಸಾರದ ಮನೆ ಎಲ್ಲಿಯದು? ಆದುದರಿಂದ ನಮಗುಳಿದ ಆಸರೆ ಕರಾರು ಪತ್ರ, ಮತ್ತು ನೆರೆಹೊರೆ.

ನೆರೆಹೊರೆಯ ಬಲವನ್ನು ತೋರಿಸಿದವರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗೃಹಿಣಿಯರು. 1915ರಲ್ಲಿ ಗಂಡಸರು ಯುದ್ಧಕ್ಕೆ ಹೋಗಿದ್ದರು. ಹಡಗು ಮತ್ತು ಮದ್ದುಗುಂಡಿನ ಕಾರ್ಖಾನೆಗಳಿಗೆ ಹೊಸ ಕೆಲಸಗಾರರು ಬಂದು ತುಂಬಿದರು. ಮನೆಯೊಡೆಯರು ಬಾಡಿಗೆಯನ್ನು ಮತ್ತೆ ಮತ್ತೆ ಏರಿಸಿದರು. ಗೊವಾನ್ ಪ್ರದೇಶದ ಮೇರಿ ಬಾರ್ಬರ್ ಎಂಬಾಕೆಯ ಮುಂದಾಳುತನದಲ್ಲಿ ಹೆಂಗಸರು ಒಂದಾಗಿ, ಏರಿಸಿದ ಹಣವನ್ನು ಕೊಡೆವೆಂದರು. ಮನೆ ಬಿಡಿಸುವ ಅಮೀನರು ಬಂದರೆ ಗಂಟೆ ಬಾರಿಸುವರು. ಕೂಡಲೇ ನೆರೆಯವರೆಲ್ಲ ಬಾಗಿಲಿಗೆ ನೆರೆದು, ಬಂದವರ ಮೇಲೆ ಹಿಟ್ಟು ಚೆಲ್ಲಿ ಹಿಂದಟ್ಟುವರು. ನವೆಂಬರ್ 17ರಂದು ಕೆಲವು ಕಾರ್ಮಿಕರ ಮೇಲಿನ ಮೊಕದ್ದಮೆ ನ್ಯಾಯಾಲಯಕ್ಕೆ ಬಂದಾಗ ಸಾವಿರಾರು ಜನ ಹೊರಗೆ ಸೇರಿದರು, ಮೊಕದ್ದಮೆ ಕೈಬಿಟ್ಟಿತು. ಡಿಸೆಂಬರಿನಲ್ಲಿಯೇ ಪಾರ್ಲಿಮೆಂಟು ಚಿಕ್ಕ ಮನೆಗಳ ಬಾಡಿಗೆಯನ್ನು 1914ರ ಆಗಸ್ಟಿನ ಮಟ್ಟಕ್ಕೆ ಕಟ್ಟಿಹಾಕಿತು.

ಹಾಗೆಂದು ನಾವೂ ಬಾಡಿಗೆ ನಿಲ್ಲಿಸೋಣವೆ? ಬೇಡ. ಅಲ್ಲಿ ಊರೇ ಬೆನ್ನಿಗಿತ್ತು. ಒಂಟಿ ಗೃಹಸ್ಥನು ಹಣ ನಿಲ್ಲಿಸಿದರೆ ತನ್ನ ಮೇಲೆ ದಾವೆ ಹೂಡಲು ಯಜಮಾನರಿಗೆ ತಾನೇ ಕಾರಣ ಒದಗಿಸಿದಂತೆ. ಒಪ್ಪಿದ ಬಾಡಿಗೆಯನ್ನು ತಪ್ಪದೆ ಬ್ಯಾಂಕಿನ ಮೂಲಕ ಸಲ್ಲಿಸತಕ್ಕದ್ದು. ಕರಾರಿಗೆ ರುಜು ಹಾಕುವಾಗಲೇ, ಏರಿಕೆ ಎಷ್ಟು, ಯಾವಾಗ ಎಂಬುದನ್ನು ಬರೆಯಿಸಬೇಕು. ಅವಧಿಯ ನಡುವೆ ಕರಾರಿನಲ್ಲಿಲ್ಲದ ಏರಿಕೆಯನ್ನು ಒಪ್ಪಬೇಕಾದುದಿಲ್ಲ. ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ಬೀದಿಯ ಬಾಡಿಗೆಗಳನ್ನು ವಿಚಾರಿಸಿ, ನಮ್ಮ ಮಾತನ್ನು ಕಾಗದದಲ್ಲಿ ತಿಳಿಸಬೇಕು. ಕೊನೆಗೂ ಹೊಂದಿಕೆಯಾಗದಿದ್ದರೆ, ಕಾನೂನಿನಂತೆ ನೋಟೀಸು ಕೊಟ್ಟು ನ್ಯಾಯಾಲಯದಿಂದ ಡಿಕ್ರಿ ಪಡೆಯದೆ ನಮ್ಮನ್ನು ಬಲಾತ್ಕಾರವಾಗಿ ಹೊರಹಾಕುವಂತಿಲ್ಲ.

ಯಜಮಾನರು ನಮ್ಮ ವೈರಿಗಳಲ್ಲ. ಅವರಿಗೂ ಕಂದಾಯವುಂಟು, ಸಾಲದ ಬಡ್ಡಿಯುಂಟು. ನ್ಯಾಯವಾದ ಏರಿಕೆಗೆ ನಾವು ಹಿಂಜರಿಯಲಾಗದು. ಆದರೆ ಒಬ್ಬೊಬ್ಬರನ್ನೇ ಕೇಳಿದಾಗ ಒಬ್ಬೊಬ್ಬರೂ ಸೋಲುತ್ತೇವೆ. ಕಳೆದ ಸಲ ನಾವು ಎದುರುಮನೆಯವರನ್ನು ವಿಚಾರಿಸಿದೆವು. ಅದೇ ಯಜಮಾನರ ಅದೇ ಅಳತೆಯ ಮನೆಗೆ ಅವರು ನಮಗಿಂತ ಕಡಮೆ ಕೊಡುತ್ತಿದ್ದರು! ಐದು ವರ್ಷ ಎದುರುಬದುರಿಗಿದ್ದೂ ಪರಸ್ಪರ ಕೇಳಲು ಸಂಕೋಚಪಟ್ಟಿದ್ದೆವು. ಆ ಸಂಕೋಚವೇ ನಾವು ತೆರುತ್ತಿದ್ದ ಹೆಚ್ಚಿನ ಬಾಡಿಗೆ.