ಮತಾಂತರ, ಮನಃಸಾಕ್ಷಿ ಮತ್ತು ಕಾನೂನು

(ಶ್ರೀಮಠದ ಆರಾಧನಾ ಮಹೋತ್ಸವದಲ್ಲಿ ನೀಡಿದ ಉಪನ್ಯಾಸ)

॥ ಶ್ರೀ ಹರಿವಾಯುಗುರುಭ್ಯೋ ನಮಃ ॥



ಅದ್ವೈತದಲ್ಲಿ ಪಾರಂಗತರಾಗಿದ್ದ ತ್ರಿವಿಕ್ರಮಪಂಡಿತಾಚಾರ್ಯರು ಶ್ರೀಮದಾಚಾರ್ಯರೊಡನೆ 15 ದಿನ ವಾದ ನಡೆಸಿ ಕೊನೆಗೆ ಶಿಷ್ಯತ್ವ ಸ್ವೀಕರಿಸಿದರೆಂಬುದು ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಸಂಶಯಗಳು ಪರಿಹಾರವಾದ ಮೇಲೆಯೇ ಅವರು ಮತವನ್ನು ಬದಲಿಸಿದರು. ಧನದ ಆಸೆಗಾಗಲಿ ಭಯಕ್ಕಾಗಲಿ ಅಲ್ಲಿ ಎಡೆಯಿರಲಿಲ್ಲ. ಇಂದಿನ ಮತಾಂತರದ ಪ್ರಶ್ನೆಗೂ ಈ ಪ್ರಸಂಗವೇ ಅಳತೆಗೋಲು.

ನಮ್ಮ ಸಂವಿಧಾನದ 25ನೆಯ ವಿಧಿಯು ಮನಃಸಾಕ್ಷಿಯ ಸ್ವಾತಂತ್ರ್ಯವನ್ನೂ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನೂ ಎಲ್ಲರಿಗೂ ಸಮನಾಗಿ ನೀಡಿದೆ. ಒರಿಸ್ಸಾದ 1967ರ ಮತ್ತು ಮಧ್ಯಪ್ರದೇಶದ 1968ರ ಕಾಯಿದೆಗಳನ್ನು ಪರಿಶೀಲಿಸಿದ ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಅವುಗಳನ್ನು ಎತ್ತಿಹಿಡಿಯಿತು. ತತ್ತ್ವವನ್ನು ತಿಳಿಸುವ ಹಕ್ಕು ಉಂಟು, ಪರರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಅಡಗಿಲ್ಲ ಎಂಬುದು ಅದರ ಸಾರ. 2018ರ ಹಾದಿಯಾ ಪ್ರಕರಣದಲ್ಲಿ ಅದೇ ನ್ಯಾಯಾಲಯವು ಪ್ರಾಪ್ತವಯಸ್ಕಳು ತಾನೇ ಆರಿಸಿಕೊಂಡ ಮತವನ್ನೂ ವಿವಾಹವನ್ನೂ ಮನ್ನಿಸಿತು. ಎರಡು ತೀರ್ಪುಗಳಲ್ಲಿಯೂ ರಕ್ಷಿತವಾದದ್ದು ವ್ಯಕ್ತಿಯ ಮನಃಸಾಕ್ಷಿಯೇ.

ನಂಬಿಕೆಯಿಲ್ಲದೆ ಸ್ವಕಾರ್ಯಕ್ಕಾಗಿ ಮತ ಬದಲಿಸುವವರ ಗತಿಯೇನು? ಮೊದಲ ಪತ್ನಿಯಿರುವಾಗಲೇ ಇಸ್ಲಾಮಿಗೆ ಮತಾಂತರಗೊಂಡು ಎರಡನೆಯ ವಿವಾಹವಾದ ಹಿಂದೂ ಪುರುಷರ ವಿಷಯ 1995ರಲ್ಲಿ ಸರಳಾ ಮುದ್ಗಲ್ ಪ್ರಕರಣದಲ್ಲಿ ವಿಚಾರಣೆಗೆ ಬಂದಿತು. ಮತಾಂತರದಿಂದ ಮೊದಲ ವಿವಾಹ ತಾನಾಗಿ ಅಳಿಯದು, ಎರಡನೆಯದು ಅಸಿಂಧು, ದ್ವಿಪತ್ನಿತ್ವದ ಶಿಕ್ಷೆ ತಪ್ಪದು ಎಂದು ನ್ಯಾಯಾಲಯ ಸಾರಿತು. 2000ದಲ್ಲಿ ಲಿಲ್ಲಿ ಥಾಮಸ್ ಪ್ರಕರಣವು ಅದನ್ನೇ ದೃಢಪಡಿಸಿತು. ದೋಷ ಇಸ್ಲಾಮಿನದಲ್ಲ, ದೈವದ ಹೆಸರಿನಲ್ಲಿ ಕರ್ತವ್ಯದಿಂದ ನುಣುಚಿಕೊಂಡವರದು.

ನಾನಾ ಮತೀಯರು ನೆರೆಹೊರೆಯಾಗಿರುವ ಮಹಾನಗರಗಳಲ್ಲಿ ಈ ಪ್ರಶ್ನೆ ನಮ್ಮ ಮನೆಬಾಗಿಲಿಗೂ ಬರಬಹುದು. ಅನ್ಯಮತೀಯರನ್ನು ವರಿಸಲು ಮತವನ್ನೇ ಬಿಡಬೇಕೆಂದು ಅನೇಕ ಯುವಕ ಯುವತಿಯರು ಭಾವಿಸಿರುತ್ತಾರೆ. ಇಬ್ಬರೂ ತಮ್ಮ ತಮ್ಮ ಮತದಲ್ಲಿಯೇ ಉಳಿದು, 30 ದಿನಗಳ ನೋಟೀಸಿನ ನಂತರ ವಿವಾಹವಾಗಲು 1954ರ ವಿಶೇಷ ವಿವಾಹ ಕಾಯಿದೆ ಅವಕಾಶ ನೀಡಿದೆ. ಹಿಂದೂ ಉತ್ತರಾಧಿಕಾರ ಕಾಯಿದೆಯ 26ನೆಯ ಕಲಮಿನಂತೆ, ಮತಾಂತರದ ಅನಂತರ ಹುಟ್ಟಿದ ಮಕ್ಕಳು ಉತ್ತರಾಧಿಕಾರ ತೆರೆಯುವ ಕಾಲಕ್ಕೆ ಹಿಂದೂಗಳಾಗಿರದಿದ್ದರೆ ಹಿಂದೂ ಬಂಧುಗಳ ಆಸ್ತಿಗೆ ವಾರಸುದಾರರಾಗರು. ಇವನ್ನು ಹಿರಿಯರು ಬೆದರಿಕೆಯ ಧಾಟಿಯಲ್ಲಲ್ಲದೆ ತಿಳಿವಳಿಕೆಯಾಗಿ ಹೇಳಬೇಕು.

ಕಾನೂನು ಬಲಾತ್ಕಾರವನ್ನೂ ವಂಚನೆಯನ್ನೂ ತಡೆಯಬಲ್ಲುದು, ಶ್ರದ್ಧೆಯನ್ನು ಹುಟ್ಟಿಸಲಾರದು. ಮಕ್ಕಳ ಸಂಶಯಗಳಿಗೆ ಗದರಿಕೆಯೇ ಉತ್ತರವಾದ ಮನೆಯನ್ನು ಯಾವ ಕಾಯಿದೆಯೂ ಕಾಯದು. 15 ದಿನ ತಾಳ್ಮೆಯಿಂದ ಉತ್ತರಿಸಿದ ಗುರುಗಳ ಪರಂಪರೆ ನಮ್ಮದು. ಪ್ರಶ್ನೆ ಕೇಳುವ ಮಕ್ಕಳಿಗೆ ಅಷ್ಟು ಕಾಲವನ್ನಾದರೂ ಕೊಡುವುದು ಪ್ರತಿಯೊಬ್ಬ ಗೃಹಸ್ಥನ ಕರ್ತವ್ಯವಾಗಿದೆ.

॥ ಶ್ರೀಕೃಷ್ಣಾರ್ಪಣಮಸ್ತು ॥