ಅಕ್ಷರಕ್ಕೂ ಬೇಲಿ

(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾಪಿರೈಟ್ ಅಂದ ಕೂಡಲೇ ಇದು ಲಾಯರುಗಳ ಜಗಳ, ಸಿನಿಮಾದವರ ಜಗಳ, ನಮಗೇನು ಅಂತ ಹಿಂದಿನ ಸಾಲಿನಲ್ಲಿ ಗೊಣಗೋದು ಕೇಳಿಸ್ತಿದೆ. ಭೂಮಿ, ಕೂಲಿ, ಹಾಸ್ಟೆಲು ಬಿಟ್ಟು ಇದನ್ಯಾಕೆ ಎತ್ತಿಕೊಂಡಿರಿ ಅಂತ. ಒಂದು ಲೆಕ್ಕ ಇಡುತ್ತೇವೆ, ಆಮೇಲೆ ಇದು ನಮ್ಮದೋ ಅಲ್ಲವೋ ನೀವೇ ಹೇಳಿ.

ಬಾಬಾಸಾಹೇಬರು ತೀರಿಕೊಂಡದ್ದು 1956ರ ಡಿಸೆಂಬರ್ 6ರಂದು. ಮಾರನೇ ವರ್ಷ, 1957ರಲ್ಲಿ, ಈ ದೇಶದ ಕೃತಿಸ್ವಾಮ್ಯ ಕಾಯ್ದೆ ಬಂತು. ಬರೆದವರು ಸತ್ತು 50 ವರ್ಷ ಕಳೆದ ಮೇಲೆ ಬರಹ ಎಲ್ಲರ ಸ್ವತ್ತು ಎಂದಿತು ಆ ಕಾಯ್ದೆ. ಹಾಗಾದರೆ 2007ರ ಜನವರಿ 1ಕ್ಕೆ ‘ಜಾತಿ ವಿನಾಶ’ವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದಿತ್ತು, ನೆಟ್ಟಿಗೆ ಏರಿಸಬಹುದಿತ್ತು, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹಾಗಾಗಲಿಲ್ಲ. ಯಾಕೆ? 1941ರಲ್ಲಿ ತೀರಿಕೊಂಡ ಟಾಗೋರರ ಕೃತಿಗಳ ಮೇಲೆ ವಿಶ್ವಭಾರತಿಗೆ ಇದ್ದ ಹಕ್ಕು 1991ರ ಕೊನೆಗೆ ಮುಗಿಯುತ್ತಿತ್ತು. ಅದು ಕೈತಪ್ಪಬಾರದು ಅಂತ ದೆಹಲಿ ಸರ್ಕಾರ ಡಿಸೆಂಬರ್ ಕೊನೆಯ ವಾರದಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. 1992ರಲ್ಲಿ ಕಾಯ್ದೆ ತಿದ್ದಿ 50 ಇದ್ದದ್ದನ್ನು 60 ಮಾಡಿತು. ಟಾಗೋರರ ಮೇಲೆ ನಮಗೇನೂ ಸಿಟ್ಟಿಲ್ಲ. ಆದರೆ ಒಬ್ಬ ಕವಿಗೆ ಅಂತ ಹಾಕಿದ ಬೇಲಿಯೊಳಗೆ ಅಂಬೇಡ್ಕರರೂ ಸಿಕ್ಕಿಬಿದ್ದರು. ಅವರು ಬದುಕಿದ್ದಾಗ ಅಚ್ಚಾದ ಪುಸ್ತಕಗಳು ಬಿಡುಗಡೆಯಾದದ್ದು 2017ರ ಜನವರಿ 1ಕ್ಕೆ. ನಡುವೆ ಹತ್ತು ವರ್ಷ ಹೋಯಿತು. ಯಾವ ಹತ್ತು ವರ್ಷ? ಕೇರಿಗೆ ಮೊಬೈಲು, ಮೊಬೈಲಿಗೆ ನೆಟ್ಟು ಬಂದ ಹತ್ತು ವರ್ಷ.

ಅಷ್ಟಕ್ಕೇ ನಿಲ್ಲಲಿಲ್ಲ. ಬರೆದವರು ಸತ್ತ ಮೇಲೆ ಮೊದಲ ಸಲ ಅಚ್ಚಾದ ಪುಸ್ತಕಕ್ಕೆ ಬೇರೆ ಲೆಕ್ಕ. ಅಚ್ಚಾದ ವರ್ಷದಿಂದ 60 ಎಣಿಸಬೇಕು. ‘ಹಿಂದೂ ಧರ್ಮದ ಒಗಟುಗಳು’ ಮಹಾರಾಷ್ಟ್ರ ಸರ್ಕಾರದ ಸಂಪುಟದಲ್ಲಿ ಬಂದದ್ದು 1987ರಲ್ಲಿ. ಅದನ್ನು ಕತ್ತರಿಸಿ ಅಂತ ಗಲಾಟೆ ಎದ್ದಾಗ ನಮ್ಮ ಜನ ಮುಂಬಯಿಯ ಬೀದಿಗಿಳಿದು ಉಳಿಸಿಕೊಂಡ ಪುಸ್ತಕ ಅದು. ಕಾಯ್ದೆಯ ಅಕ್ಷರ ಹಿಡಿದು ನೋಡಿದರೆ 2047ರ ಕೊನೆಯವರೆಗೆ ಅದಕ್ಕೆ ಬೇಲಿ. ಒಂಬತ್ತು ವರ್ಷದ ಹುಡುಗ ಭೀಮ ಮಸೂರು ಸ್ಟೇಷನ್ನಿನಲ್ಲಿ ಇಳಿದು, ಗಾಡಿಯವರು ಹತ್ತಿಸಿಕೊಳ್ಳದೆ, ರಾತ್ರಿಯೆಲ್ಲ ಕುಡಿಯೋಕೆ ನೀರು ಸಿಗದೆ ಬಾಯಾರಿದ ಕಥೆ ಇರುವ ‘ವೀಸಾಕ್ಕಾಗಿ ಕಾಯುತ್ತ’ ಪುಸ್ತಿಕೆಯಾಗಿ ಬಂದದ್ದು 1990ರಲ್ಲಿ. ಅದಕ್ಕೆ 2050ರ ಕೊನೆಯವರೆಗೆ. ನೀರು ಕೊಡಲಿಲ್ಲ ಅನ್ನುವ ಕಥೆಗೂ ಅಪ್ಪಣೆ ಕೇಳಬೇಕು! ಯಾರೂ ಈಗ ತಡೀತಿಲ್ಲವಲ್ಲ ಅಂತೀರಿ. ತಡೆಯದೆ ಸುಮ್ಮನಿರೋದು ಬೇರೆ, ನಮ್ಮ ಹಕ್ಕಾಗಿರೋದು ಬೇರೆ. ಗೌಡರು ನೋಡದಾಗ ಬಾವಿಯಲ್ಲಿ ನೀರು ಸೇದಿಕೊಂಡ ಹಾಗಲ್ಲವೇ ಅದು? ಹೋಲಿಕೆ ಒರಟಾಯಿತು, ಇರಲಿ. ಇನ್ನೊಂದು ಗಂಟು ನೋಡಿ: ಮೂಲ ಇಂಗ್ಲಿಷು ಬಿಡುಗಡೆಯಾದರೂ ಕನ್ನಡ ಅನುವಾದಕ್ಕೆ ಅದರದೇ ಬೇರೆ ಹಕ್ಕು ಇರುತ್ತದೆ. ಇಂಗ್ಲಿಷು ಬಾರದವನಿಗೆ ಇನ್ನೊಂದು ಬೇಲಿ.

ಈಗ ನೆಟ್ಟಿನ ಮಾತಿಗೆ ಬರೋಣ. 2012ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು, 2013ರಲ್ಲಿ ನಿಯಮ ಬಂತು. ಇದು ನನ್ನದು ಅಂತ ಒಬ್ಬ ಲಿಖಿತ ದೂರು ಕೊಟ್ಟರೆ, ಅದನ್ನು ಇಟ್ಟುಕೊಂಡ ಕಂಪನಿ 36 ಗಂಟೆಯೊಳಗೆ ಮುಚ್ಚಬೇಕು. ದೂರುದಾರ 21 ದಿನದಲ್ಲಿ ಕೋರ್ಟಿನ ಆದೇಶ ತಾರದಿದ್ದರೆ ಮತ್ತೆ ತೆರೆಯಬಹುದು. ಆ ‘ಬಹುದು’ ನೋಡಿಕೊಳ್ಳಿ. ಮುಚ್ಚುವುದಕ್ಕೆ ‘ಬೇಕು’, ತೆರೆಯುವುದಕ್ಕೆ ‘ಬಹುದು’. ಇಡೀ ಕಾಯ್ದೆ ಯಾರ ಕಡೆ ವಾಲಿದೆ ಅನ್ನೋದು ಈ ಎರಡು ಕ್ರಿಯಾಪದದಲ್ಲೇ ಇದೆ. ಕಂಪನಿಗಳೋ ಇಷ್ಟಕ್ಕೂ ಕಾಯುವುದಿಲ್ಲ, ಯಂತ್ರಕ್ಕೇ ಕಾವಲು ಬಿಟ್ಟಿವೆ. ನಮ್ಮ ತಂಡದ ಹುಡುಗಿಯರು ಏಪ್ರಿಲ್ 14ರ ರಾತ್ರಿ ತಮಟೆಯ ಜೊತೆ ಹಾಡಿದ ಹಾಡು ನೆಟ್ಟಿಗೆ ಹಾಕಿದೆವು. ಅಜ್ಜಿಯಂದಿರಿಂದ ಕಲಿತ ಸೋಬಾನೆ ಧಾಟಿ ಅದು. ಬೆಳಗಾಗುವುದರೊಳಗೆ ಸದ್ದು ಅಡಗಿತ್ತು. ಯಾವುದೋ ಒಂದು ಆಡಿಯೋ ಕಂಪನಿ ಅದೇ ಧಾಟಿ ಮೊದಲೇ ರೆಕಾರ್ಡು ಮಾಡಿತ್ತಂತೆ, ಹಕ್ಕು ಅವರದಂತೆ. ಅಜ್ಜಿಯ ಹೆಸರು ಯಾವ ದಫ್ತರದಲ್ಲಿದೆ ತೋರಿಸೋಕೆ?

ಕೋರ್ಟಿನ ದಾರಿಯೂ ಒಂದಿದೆ. ಕಳ್ಳ ಯಾರೆಂದು ಗೊತ್ತಿಲ್ಲದಾಗ ಪ್ರತಿವಾದಿಯ ಜಾಗದಲ್ಲಿ ‘ಅಶೋಕ್ ಕುಮಾರ್’ ಅಂತ ಬರೆಯುತ್ತಾರೆ. ಈ ಅಶೋಕ್ ಕುಮಾರ್ ಯಾರೂ ಅಲ್ಲ, ಹಾಗಾಗಿ ಯಾರು ಬೇಕಾದರೂ ಆಗಬಹುದು, ನೀವೂ ನಾವೂ. 2012ರಲ್ಲಿ ‘3’ ಅನ್ನುವ ತಮಿಳು ಸಿನಿಮಾದವರು ಮದ್ರಾಸ್ ಹೈಕೋರ್ಟಿನಿಂದ ಇಂಥ ಆದೇಶ ತಂದರು. ಮೇ ತಿಂಗಳಲ್ಲಿ ನೆಟ್ ಕಂಪನಿಗಳು ವಿಮಿಯೋದಂಥ ತಾಣಗಳನ್ನು ಇಡಿಇಡಿಯಾಗಿ ಮುಚ್ಚಿಬಿಟ್ಟವು. ಅಲ್ಲಿ ಸ್ವಂತ ಸಾಕ್ಷ್ಯಚಿತ್ರ ಇಟ್ಟವರೂ ಕಳ್ಳರ ಜೊತೆ ಹೋದರು. ಒಂದು ಹುಳುಕು ಹಣ್ಣಿಗೆ ಮರ ಕಡಿದ ಹಾಗೆ. ಜೂನಿನಲ್ಲಿ ಕೋರ್ಟೇ, ಕಳ್ಳಮಾಲು ಇರುವ ವಿಳಾಸ ಮಾತ್ರ ಮುಚ್ಚಿ ಅಂತ ತಿಳಿಹೇಳಬೇಕಾಯಿತು.

ಗೆದ್ದದ್ದನ್ನೂ ಹೇಳಬೇಕು. 2012ರಲ್ಲೇ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಮೂರೂ ಸೇರಿ ದೆಹಲಿ ವಿಶ್ವವಿದ್ಯಾಲಯದ ಒಂದು ಝೆರಾಕ್ಸ್ ಅಂಗಡಿಯ ಮೇಲೆ ಕೇಸು ಹಾಕಿದವು. ರಾಮೇಶ್ವರಿ ಫೋಟೋಕಾಪಿ ಅಂತ ಆ ಅಂಗಡಿ. ಪಠ್ಯಕ್ಕೆ ಬೇಕಾದ ಹಾಳೆಗಳನ್ನು ಝೆರಾಕ್ಸ್ ಮಾಡಿ, ಕಟ್ಟು ಕಟ್ಟಿ ಹುಡುಗರಿಗೆ ಮಾರುತ್ತಿತ್ತು. ಝೆರಾಕ್ಸ್ ಅಂಗಡಿ ಇಲ್ಲದಿದ್ದರೆ ನಮ್ಮಲ್ಲಿ ಎಷ್ಟು ಜನ ಬಿ.ಎ. ಮುಗಿಸುತ್ತಿದ್ದೆವು? ಕೈ ಎತ್ತಿ ನೋಡೋಣ. ಅಲ್ಲಿನ ವಿದ್ಯಾರ್ಥಿಗಳು, ಮೇಷ್ಟ್ರುಗಳು ಕೋರ್ಟಿಗೆ ಬಂದು ನಿಂತರು. 2016ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟು, ಕಾಪಿರೈಟ್ ದೇವರು ಕೊಟ್ಟದ್ದೂ ಅಲ್ಲ, ಹುಟ್ಟಿನಿಂದ ಬಂದದ್ದೂ ಅಲ್ಲ ಅನ್ನುವ ಅರ್ಥದ ಮಾತು ಹೇಳಿ ಕೇಸು ವಜಾ ಮಾಡಿತು. ದೇವರು ಕೊಟ್ಟದ್ದು, ಹುಟ್ಟಿನಿಂದ ಬಂದದ್ದು ಅನ್ನೋ ಮಾತಿನ ಏಟು ತಿಂದವರು ನಾವು. ಆ ಸಾಲು ಓದಿದಾಗ ನಮಗೆ ಆದ ಖುಷಿಯೇ ಬೇರೆ. ಪ್ರಕಾಶಕರು ಮೇಲ್ಮನವಿ ಹಾಕಿ, ಕೊನೆಗೆ 2017ರ ಮಾರ್ಚಿನಲ್ಲಿ ಕೇಸನ್ನೇ ಹಿಂತೆಗೆದುಕೊಂಡರು.

ಆದರೆ ಝೆರಾಕ್ಸಿಗೆ ಸಿಕ್ಕಿದ್ದು ನೆಟ್ಟಿಗೆ ಸಿಗಲಿಲ್ಲ. ಸಂಶೋಧನಾ ಲೇಖನಗಳನ್ನು ಪುಕ್ಕಟೆ ಕೊಡುತ್ತಿದ್ದ ಸೈ-ಹಬ್ ಮೇಲೆ 2020ರ ಡಿಸೆಂಬರಿನಲ್ಲಿ ಮೂರು ವಿದೇಶಿ ಪ್ರಕಾಶಕರು ಅದೇ ದೆಹಲಿ ಹೈಕೋರ್ಟಿಗೆ ಹೋದರು. 2025ರ ಆಗಸ್ಟಿನಲ್ಲಿ ಅದನ್ನು ದೇಶದಲ್ಲಿ ಮುಚ್ಚಲು ಆದೇಶವಾಯಿತು. ಸರ್ಕಾರ ಹೇಳುತ್ತದೆ, ‘ಒಂದು ದೇಶ ಒಂದು ಚಂದಾ’ ಮಾಡಿದ್ದೇವಲ್ಲ ಅಂತ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರಿಗೆ. ಸರ್ಕಾರಿ ಕಾಲೇಜಿನ ಒಳಗಿದ್ದವರಿಗೆ ಅನುಕೂಲ ಆಗಿದೆ, ಇಲ್ಲ ಅನ್ನೋಲ್ಲ. ಆದರೆ ಎಂ.ಎ. ಮುಗಿಸಿ ಕೆಲಸವಿಲ್ಲದೆ ಊರಿಗೆ ಬಂದು ಕೂತವನ ಪಾಸ್‌ವರ್ಡು ಎಲ್ಲಿ? ಆ 6,000 ಕೋಟಿಯಲ್ಲಿ ಅವನಪ್ಪ ಬೆಂಕಿಪೊಟ್ಟಣಕ್ಕೆ ಕಟ್ಟಿದ ತೆರಿಗೆಯೂ ಇದೆ.

ಹಾಗಾದರೆ ಬರೆಯುವವರು ಉಪವಾಸ ಸಾಯಬೇಕೇ ಅಂತ ನಿನ್ನೆ ಒಬ್ಬ ಹಿರಿಯರು ಕೇಳಿದರು. ನ್ಯಾಯವಾದ ಪ್ರಶ್ನೆ. ನಾವೂ ಕವಿತೆ ಬರೆಯುವವರೇ. ಬರೆದವರಿಗೆ, ಹಾಡಿದವರಿಗೆ ದುಡ್ಡು ಬರಲಿ, ಬದುಕಿದ್ದಾಗಲೇ ಬರಲಿ. ಸತ್ತ ಮೇಲಿನ 60 ವರ್ಷ ಯಾರ ಹೊಟ್ಟೆಗೆ?

ಅದಕ್ಕೇ ನಾವು ಕೇಳುವುದು ಇಷ್ಟು. ಜನರ ದುಡ್ಡಿನಲ್ಲಿ ಆದ ಪುಸ್ತಕ, ಅನುವಾದ, ಸಂಶೋಧನೆ ಯಾವುದಕ್ಕೂ ಬೇಲಿ ಬೇಡ. ದೂರು ಕೊಟ್ಟವನ ಮಾತಿನಷ್ಟೇ ಹಾಡಿದವರ ಮಾತನ್ನೂ ಕೇಳಿದ ಮೇಲೆ ಮುಚ್ಚಲಿ. ಕೋರ್ಟು, ಶಾಸನಸಭೆ ಅಂತ ಅದಕ್ಕೆ ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಕೈಯಲ್ಲಿ ಆಗೋ ಕೆಲಸ ಒಂದಿದೆ. ಹಾಡಿದವರಿಗೂ 50 ವರ್ಷದ ಹಕ್ಕು ಇದೇ ಕಾಯ್ದೆಯಲ್ಲಿದೆ. ಊರಿಗೆ ಹೋದವರು ನಿಮ್ಮ ಅಜ್ಜಿ, ಅತ್ತೆ, ದೊಡ್ಡಮ್ಮಂದಿರ ಹಾಡು ಮೊಬೈಲಿನಲ್ಲಿ ಹಿಡಿದುಕೊಳ್ಳಿ. ಹಾಡಿದವರ ಹೆಸರು, ಊರು, ತಾರೀಖು ಅವರ ಬಾಯಲ್ಲೇ ಹೇಳಿಸಿ. ಮುಂದಿನ ಶಿಬಿರಕ್ಕೆ ಬರುವಾಗ ತನ್ನಿ, ಒಂದು ಕಡೆ ಕೂಡಿಸಿ ಪಟ್ಟಿ ಮಾಡೋಣ.