ನೂಲು ಹಿಡಿದವರೇ, ಸೂತ್ರಧಾರಿಗಳಾಗಿ

ಬೆಳಗಿನ ಏಳೂವರೆ. ಊರಾಚೆಯ ಹೊಸ ಬಡಾವಣೆಯ ಒಂದು ನಿವೇಶನ. ಪಾಯದ ಗುರುತು ಹಾಕಲು ಮೇಸ್ತ್ರಿ ಗೂಟ ಹೊಡೆಸಿ ನೂಲು ಎಳೆದಿದ್ದಾರೆ. ಮೂಲೆಯಿಂದ ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಅಳೆದು ಗುರುತು ಮಾಡುತ್ತಾರೆ. ಎರಡು ಗುರುತುಗಳ ನಡುವೆ ಟೇಪು ಹಿಡಿದು ನೋಡುತ್ತಾರೆ. ಸರಿಯಾಗಿ ಐದಡಿ. ಮೂಲೆ ಮಟ್ಟ ಬಂತು!

ಪಕ್ಕದಲ್ಲಿ ಸುತ್ತಿಗೆ ಹಿಡಿದು ನಿಂತ ಹುಡುಗ ಎರಡು ವರ್ಷದ ಹಿಂದೆ ಹತ್ತನೇ ತರಗತಿಯ ಬೆಂಚಿನಲ್ಲಿ ಕೂತು ಪೈಥಾಗೊರಸ್ ಪ್ರಮೇಯವನ್ನು ಬಾಯಿಪಾಠ ಮಾಡಿದ್ದ. ಪರೀಕ್ಷೆಯಲ್ಲಿ ಬರೆದ, ಮರೆತ. ಅಂದು ಹಾಳೆಯ ಮೇಲೆ ಬರೆದದ್ದೇ ಇಂದು ನೆಲದ ಮೇಲೆ ನೂಲಾಗಿ ನಿಂತಿದೆ ಎಂದು ಅವನಿಗೆ ಯಾರೂ ಹೇಳಿಲ್ಲ. ಮೇಸ್ತ್ರಿಗೆ ಪ್ರಮೇಯದ ಹೆಸರು ಗೊತ್ತಿಲ್ಲ. ಮೇಷ್ಟ್ರಿಗೆ ನೂಲು ಹಿಡಿದು ಅಭ್ಯಾಸವಿಲ್ಲ. ಮೇಸ್ತ್ರಿ, ಮೇಷ್ಟ್ರು. ಕೇಳಲು ಎಷ್ಟು ಹತ್ತಿರದ ಮಾತುಗಳು! ಆದರೆ ನಮ್ಮ ನಾಡಿನಲ್ಲಿ ಅವರ ನಡುವೆ ಎಷ್ಟು ದೊಡ್ಡ ಕಂದಕ!

ಗೆಳೆಯರೇ, ಗೆಳತಿಯರೇ, ಆ ಕಂದಕಕ್ಕೆ ಸೇತುವೆ ಕಟ್ಟಬೇಕಾದವರು ನೀವು.

ಇದು ಕಟ್ಟಿದವರ ನಾಡು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನ ಅದನ್ನು ಕಟ್ಟಿದ ಆಚಾರಿಯನ್ನು 'ಸೂತ್ರಧಾರಿ' ಎಂದು ಕರೆದು ಗೌರವಿಸುತ್ತದೆ. ಸೂತ್ರ ಎಂದರೆ ದಾರ. ದಾರ ಹಿಡಿದವನೇ ಇಡೀ ಕಟ್ಟಡದ ಒಡೆಯ, ನಕ್ಷೆಗೂ ಅವನೇ, ಲೆಕ್ಕಕ್ಕೂ ಅವನೇ, ನೂರಾರು ಕೈಗಳನ್ನು ನಡೆಸುವುದಕ್ಕೂ ಅವನೇ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಶಿಲ್ಪದ ಕೆಳಗೆ ತಮ್ಮ ಹೆಸರು ಕೊರೆದಿದ್ದಾರೆ. ರಾಜರ ಹೆಸರಿನ ಜೊತೆಗೆ ಕೆಲಸಗಾರನ ಹೆಸರೂ ಕಲ್ಲಿನಲ್ಲಿ ಉಳಿದ ನಾಡು ನಮ್ಮದು. ಆ ದಾರವೇ ಇಂದಿಗೂ ನಿಮ್ಮ ಕೈಯಲ್ಲಿದೆ. ಹಾಗಿದ್ದರೆ ಅದನ್ನು ಹಿಡಿದವನು ಯಾಕೆ ಇಂದು ಬರೀ ಕೂಲಿಯಾಗಿ ಉಳಿದಿದ್ದಾನೆ?

ಕೈಯಲ್ಲಿ ಕಸುಬಿಲ್ಲದೆ ಅಲ್ಲ. ಕೈಯಲ್ಲಿ ಕಾಗದವಿಲ್ಲದೆ.

ಅರ್ಧ ಎದ್ದ ಯಾವುದಾದರೂ ಮನೆಯೊಳಗೆ ಹೋಗಿ ನೋಡಿ. ಪ್ಲಾಸ್ಟರ್ ಕಾಣದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಲೆಕ್ಕ ಕಾಣುತ್ತದೆ. ಇಷ್ಟು ಚದರ, ಚದರಕ್ಕೆ ಇಷ್ಟು, ಮುಂಗಡ ಇಷ್ಟು. ನಡುವೆ ಮನೆಯವರು ಒಂದು ಸಜ್ಜ ಹೆಚ್ಚಿಗೆ ಕೇಳುತ್ತಾರೆ, ಒಂದು ಕಪಾಟು ಹೆಚ್ಚಿಗೆ ಕೇಳುತ್ತಾರೆ, ಮೆಟ್ಟಿಲು ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ. ಮೇಸ್ತ್ರಿ 'ಆಯ್ತು' ಎನ್ನುತ್ತಾರೆ. ತಿಂಗಳು ಕಳೆದು ಗೋಡೆಗೆ ಗಾರೆ ಬೀಳುತ್ತದೆ, ಗಾರೆಯ ಕೆಳಗೆ ಲೆಕ್ಕವೂ ಮುಚ್ಚಿಹೋಗುತ್ತದೆ. ಕೊನೆಗೆ ಸಿಗುವುದು ಮೊದಲು ಮಾತಾಡಿದ್ದಷ್ಟೇ. ಹೆಚ್ಚಿಗೆ ಸುರಿಸಿದ ಬೆವರಿಗೆ ಸಾಕ್ಷಿಯಿಲ್ಲ. ಒಂದು ಹಾಳೆಯ ಕರಾರು, ಒಂದು ಅಳತೆ ಪುಸ್ತಕ, ಒಂದು ಎಸ್ಟಿಮೇಟ್ ಮಾಡುವ ವಿದ್ಯೆ ಇದ್ದಿದ್ದರೆ ಆ ಮೇಸ್ತ್ರಿ ಗುತ್ತಿಗೆದಾರರಾಗುತ್ತಿದ್ದರು. ಹತ್ತು ಮನೆಗೆ ಅನ್ನ ಹಾಕುತ್ತಿದ್ದರು. ಕೂಲಿಗೂ ಗುತ್ತಿಗೆಗೂ ನಡುವೆ ಇರುವುದು ಆ ವಿದ್ಯೆಯೊಂದೇ.

ಆ ವಿದ್ಯೆ ಎಲ್ಲಿ ಸಿಗುತ್ತದೆ? ನಾವು ತಿಳಿದಿರುವುದಕ್ಕಿಂತ ಹತ್ತಿರದಲ್ಲಿ ಸಿಗುತ್ತದೆ. ಐಟಿಐಗಳ ಪಟ್ಟಿಯಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಇರುವ ಹಾಗೆಯೇ ಗಾರೆ ಕೆಲಸಕ್ಕೂ ಒಂದು ವರ್ಷದ ಕೋರ್ಸ್ ಇದೆ. ಕಟ್ಟಡದ ನಕ್ಷೆ ಬರೆಯುವುದನ್ನು ಕಲಿಸುವ ಸಿವಿಲ್ ಡ್ರಾಫ್ಟ್ಸ್‌ಮನ್ ಕೋರ್ಸ್ ಎರಡು ವರ್ಷದ್ದು. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು, ಅಂದರೆ ಆರ್‌ಸೆಟಿಗಳು, ಎದ್ದು ನಿಂತಿವೆ. ಅಲ್ಲಿ ಊಟ, ವಸತಿ ಕೊಟ್ಟು ಶುಲ್ಕವಿಲ್ಲದೆ ಕಲಿಸುತ್ತಾರೆ. ಕಸುಬಿನ ಜೊತೆಗೆ ಬ್ಯಾಂಕಿನ ವ್ಯವಹಾರವನ್ನೂ ಕಲಿಸುತ್ತಾರೆ. ಗ್ರಾಮೀಣ ಆವಾಸ್ ಯೋಜನೆಯಡಿ ನಿಜವಾದ ಮನೆಯನ್ನೇ ಕಟ್ಟುತ್ತಾ ಕಲಿಯುವ 45 ದಿನದ ಗಾರೆ ತರಬೇತಿ ಇದೆ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗಾರೆ ಕೆಲಸವೂ ಒಂದು. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಆಮೇಲೆ ಶೇ. 5ರ ಬಡ್ಡಿಯಲ್ಲಿ ಸಾಲ. ಇಪ್ಪತ್ತು ವರ್ಷ ಗೋಡೆ ಕಟ್ಟಿಯೂ ಒಂದು ಪ್ರಮಾಣಪತ್ರ ಕಾಣದ ನಿಮ್ಮ ಅಪ್ಪ, ಚಿಕ್ಕಪ್ಪ, ಸೋದರಮಾವನಿಗೆ ಅವರ ಅನುಭವವನ್ನೇ ಪರೀಕ್ಷಿಸಿ ಪತ್ರ ಕೊಡುವ ವ್ಯವಸ್ಥೆಯೂ ಇದೆ. ಅವರನ್ನು ಕೈಹಿಡಿದು ಕರೆದುಕೊಂಡು ಹೋಗುವವರು ಯಾರು? ನೀವಲ್ಲದೆ ಇನ್ಯಾರು?

ಕಲಿಯುವುದು ಬರೀ ಕಾಗದಕ್ಕಾಗಿ ಎಂದುಕೊಳ್ಳಬೇಡಿ. ಒಂದು ಚೀಲ ಸಿಮೆಂಟು 50 ಕಿಲೋ. ಸಾಮಾನ್ಯ ಕಾಂಕ್ರೀಟಿನಲ್ಲಿ ಅದಕ್ಕೆ ಬೇಕಾದ ನೀರು 25 ಲೀಟರಿನ ಆಸುಪಾಸು. ಕಲಸಲು ಹಗುರವಾಗಲಿ ಎಂದು ಇನ್ನೊಂದು ಬಕೆಟ್ ಸುರಿದವನ ಕೈ ಅಂದಿಗೆ ಹಗುರವಾಗುತ್ತದೆ. ಆದರೆ ಆ ಹೆಚ್ಚಿನ ನೀರು ಆರಿಹೋದ ಜಾಗದಲ್ಲಿ ಕಣ್ಣಿಗೆ ಕಾಣದ ಸಾವಿರ ತೂತುಗಳು ಉಳಿಯುತ್ತವೆ. ಅಲ್ಲಿಂದಲೇ ತೇವ ಇಳಿಯುತ್ತದೆ, ಕಂಬಿ ತುಕ್ಕು ಹಿಡಿಯುತ್ತದೆ, ಚಾವಣಿ ಉದುರುತ್ತದೆ. ಸುಡುಬಿಸಿಲಿನಲ್ಲಿ ಕಾಂಕ್ರೀಟಿಗೆ ಕನಿಷ್ಠ 10 ದಿನ ನೀರುಣಿಸಬೇಕು. ಮೂರೇ ದಿನಕ್ಕೆ ನಿಲ್ಲಿಸಿದರೆ ಮಾಲೀಕರಿಗೆ ಗೊತ್ತಾಗುವುದಿಲ್ಲ, ಗೋಡೆಗೆ ಗೊತ್ತಾಗುತ್ತದೆ. ಆ ಚಾವಣಿಯ ಕೆಳಗೆ ಕೂತು ಅಕ್ಷರ ಕಲಿಯುವುದು ನಮ್ಮದೇ ಊರಿನ ಮಕ್ಕಳು. ನಾವು ಕಟ್ಟುವ ಕೆರೆಯ ತೂಬಿನಿಂದ ನೀರುಣ್ಣುವುದು ನಮ್ಮದೇ ಹೊಲ. ಆದ್ದರಿಂದ ಕಲಿಯುವುದು ಸಂಪಾದನೆಯ ದಾರಿ ಮಾತ್ರವಲ್ಲ. ಅದು ನೆಲದ ಋಣ.

ಈ ನೆಲಕ್ಕೆ ತನ್ನದೇ ಜ್ಞಾನವೂ ಉಂಟು. ಸಿಮೆಂಟು ದುಬಾರಿಯಾಗಿದ್ದ ಕಾಲದಲ್ಲಿ ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣ ಬೆರೆಸಿದ ಸುರ್ಕಿ ಗಾರೆಯಲ್ಲಿ ಕನ್ನಂಬಾಡಿ ಕಟ್ಟೆ ಎದ್ದಿತು. ಇಂದಿಗೂ ಕಾವೇರಿಯನ್ನು ಹಿಡಿದು ನಿಂತಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದ ವಿಜ್ಞಾನಿಗಳು ಊರಿನ ಮಣ್ಣಿಗೇ ಒಂದಿಷ್ಟು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿದರು. ಸೌದೆ ಉಳಿಯಿತು, ಹೊಗೆ ತಪ್ಪಿತು, ಖರ್ಚು ಉಳಿಯಿತು. ಕರಾವಳಿಯ ಕೆಂಪುಕಲ್ಲು, ಬಾದಾಮಿಯ ಮರಳುಗಲ್ಲು, ಕಲಬುರಗಿ ಸೀಮೆಯ ಶಹಾಬಾದ್ ಕಲ್ಲು: ಯಾವ ಕಲ್ಲಿಗೆ ಯಾವ ಗಾರೆ, ಯಾವ ಮಳೆಗೆ ಯಾವ ಗೋಡೆ ಎಂದು ಬಲ್ಲ ಗುತ್ತಿಗೆದಾರರು ನಮ್ಮ ತಾಲೂಕು ತಾಲೂಕಿಗೆ ಬೇಕು. ಅವರು ಆಕಾಶದಿಂದ ಇಳಿದು ಬರುವುದಿಲ್ಲ. ನಿಮ್ಮೊಳಗಿಂದಲೇ ಬರಬೇಕು.

ತಂಗಿಯರೇ, ನಿಮಗೂ ಒಂದು ಮಾತು. ತಲೆಯ ಮೇಲೆ ಬಾಂಡ್ಲಿ ಹೊತ್ತು ನಿಮ್ಮ ತಾಯಂದಿರು ಎಷ್ಟು ಊರು ಕಟ್ಟಿಲ್ಲ? ಕರಣೆ ಮಾತ್ರ ಅವರ ಕೈಗೆ ಬರಲಿಲ್ಲ. ಜಾರ್ಖಂಡದಲ್ಲಿ ತರಬೇತಿ ಪಡೆದ ಹೆಣ್ಣುಮಕ್ಕಳು ಊರೂರಿನಲ್ಲಿ ಶೌಚಾಲಯ ಕಟ್ಟಿ 'ರಾಣಿ ಮಿಸ್ತ್ರಿ'ಗಳೆಂದು ಹೆಸರಾದರು. ಅವರಿಗೆ ಆದದ್ದು ನಮಗೆ ಆಗದೇ? ಬಾಂಡ್ಲಿ ಹೊತ್ತ ತಾಯಿಯ ಮಗಳು ನಾಳೆ ನಕ್ಷೆ ಬಿಡಿಸಿ ಹಿಡಿದು ಕೆಲಸ ಹಂಚಬೇಕು. ಆ ದಿನವನ್ನು ನಾವು ನೋಡಲೇಬೇಕು.

ಇಟ್ಟಿಗೆ ಕಟ್ಟುವುದು ಕೀಳು ಎಂದು ಯಾರಾದರೂ ಅಂದರೆ ಅವರಿಗೆ ಹೇಳಿ: ವರ್ಲ್ಡ್‌ಸ್ಕಿಲ್ಸ್ ಸ್ಪರ್ಧೆಯಲ್ಲಿ ಇಟ್ಟಿಗೆ ಕೆಲಸಕ್ಕೂ ಪದಕವಿದೆ. ದೇಶ ದೇಶಗಳ ಯುವಕರು ನಕ್ಷೆ ನೋಡಿ ಗೋಡೆ ಕಟ್ಟುತ್ತಾರೆ, ತೀರ್ಪುಗಾರರು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ನಮ್ಮ ತೂಗುಗುಂಡು ಅವರ ತೂಗುಗುಂಡಿಗಿಂತ ಓರೆಯಾಗಿ ತೂಗುತ್ತದೆಯೇ? ಇಲ್ಲ. ನಮ್ಮ ಕೈ ನಡುಗುತ್ತದೆಯೇ? ಇಲ್ಲ. ನಮಗೆ ಬೇಕಾದದ್ದು ಕಲಿಕೆ. ಕಲಿಕೆಯೊಂದೇ.

ಹಾಗಾದರೆ ಈ ವಾರವೇ ಹೊರಡಿ. ನಿಮ್ಮ ಜಿಲ್ಲೆಯ ಆರ್‌ಸೆಟಿಯ ಬಾಗಿಲು ತಟ್ಟಿ, ಹತ್ತಿರದ ಐಟಿಐಯಲ್ಲಿ ವಿಚಾರಿಸಿ. ಹದಿನೆಂಟು ತುಂಬಿ, ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿ, ಅದು ನಿಮ್ಮ ಹಕ್ಕು. ಒಂದು ನೋಟ್‌ಬುಕ್ ಕೊಳ್ಳಿ. ಇಂದು ಕಟ್ಟಿದ ಗೋಡೆಯ ಉದ್ದ, ಎತ್ತರ, ದಪ್ಪ, ಹಿಡಿದ ಇಟ್ಟಿಗೆ, ಸಿಮೆಂಟು, ಮರಳು ಎಲ್ಲವನ್ನೂ ಇಂದೇ ಬರೆಯಿರಿ. ಆ ನೋಟ್‌ಬುಕ್ಕೇ ನಿಮ್ಮ ಮೊದಲ ಪಾಠಶಾಲೆ. ಸಂಜೆ ಮೇಸ್ತ್ರಿಯ ಪಕ್ಕದಲ್ಲಿ ಕೂತು ಆ ಮೂರಡಿ, ನಾಲ್ಕಡಿ, ಐದಡಿಯ ಗುಟ್ಟನ್ನು ಹಾಳೆಯ ಮೇಲೆ ಬಿಡಿಸಿ ತೋರಿಸಿ. ಅವರಿಂದ ಕೈಚಳಕ ಕಲಿಯಿರಿ, ಅವರಿಗೆ ಲೆಕ್ಕ ಕಲಿಸಿ.

ಇನ್ನು ಮುಂದೆ ನಮ್ಮ ಲೆಕ್ಕ ಗಾರೆಯ ಕೆಳಗೆ ಮುಚ್ಚಿಹೋಗಬಾರದು. ನೂಲು ನಿಮ್ಮ ಕೈಯಲ್ಲಿದೆ. ಬಿಗಿಯಾಗಿ ಹಿಡಿಯಿರಿ, ನೇರವಾಗಿ ಕಟ್ಟಿರಿ.